ಕೊಟ್ಟಿಗೆಯಲ್ಲೇ ಹಸುವಿಗೆ ಸಿಸೇರಿಯನ್: ಸೋಂಕು ತಗಲದಂತೆ ಏನು ಮಾಡಬೇಕು?

ಕರು ಅಡ್ಡ ತಿರುಗಿದೆ, ಎಳೆದರೂ ಬರುತ್ತಿಲ್ಲ, ಆಪರೇಷನ್ನೇ ಗತಿ ಎಂದು ಪಶುವೈದ್ಯರು ಹೇಳಿದರೆ, ಹಳ್ಳಿಗಳಲ್ಲಿ ಅದು ಹೆಚ್ಚಾಗಿ ನಡೆಯುವುದು ಕೊಟ್ಟಿಗೆಯಲ್ಲೇ. ಸಾಮಾನ್ಯವಾಗಿ ಹಸುವನ್ನು ನಿಲ್ಲಿಸಿಕೊಂಡೇ ಎಡ ಪಕ್ಕೆ ಮರಗಟ್ಟಿಸಿ ಕೊಯ್ಯುತ್ತಾರೆ. ಕತ್ತರಿ, ಬ್ಲೇಡು, ಗ್ಲೌಸ್ ಅವರು ತರುತ್ತಾರೆ. ಜಾಗ ಮಾತ್ರ ನಿಮ್ಮ ಜವಾಬ್ದಾರಿ.

ಡಾಕ್ಟರು ಬರುವ ತನಕ ಯಾರೂ ಬರಿಗೈ ಒಳಗೆ ಹಾಕಬೇಡಿ. ‘ನಾನು ನೋಡ್ತೀನಿ ಬಿಡಿ’ ಎನ್ನುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ, ಅಲ್ವಾ? ಹಾಗೆ ಕೈ ಹಾಕಿದಷ್ಟೂ ಗರ್ಭಕೋಶದಲ್ಲಿ ಸೋಂಕು ಜಾಸ್ತಿ. ಈಗಾಗಲೇ ಹಾಕಿದ್ದರೆ ಮುಚ್ಚಿಡದೆ ಹೇಳಿ. ನೀರು ಒಡೆದು ಎಷ್ಟು ಹೊತ್ತಾಯಿತು ಎನ್ನುವುದನ್ನೂ ತಿಳಿಸಿ.

ಇನ್ನು ಜಾಗ. ಸಗಣಿ, ಗಂಜಲ, ಹಳೇ ಹುಲ್ಲು ಎಲ್ಲ ಬಳಿದು ಹಾಕಿ, ನೀರು ಹೊಡೆದು ತೊಳೆಯಿರಿ. ಬ್ಲೀಚಿಂಗ್ ಪೌಡರ್ ನೀರು ಆಮೇಲೆ. ಈ ಕ್ರಮ ತಪ್ಪಬಾರದು. ಸಗಣಿ ಮೇಲೇ ಸುರಿದರೆ ಪೌಡರಿನ ಸತ್ವವೆಲ್ಲ ಸಗಣಿಗೇ ಖರ್ಚಾಗುತ್ತದೆ, ಕ್ರಿಮಿ ಹಾಗೇ ಉಳಿಯುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೀರು ಹಾಕಿ, ಇಲ್ಲವಾದರೆ ಕಣ್ಣುರಿ. ಕೊಯ್ಯಲು ಶುರು ಮಾಡಿದ ಮೇಲೆ ಪೊರಕೆ ಹಿಡಿಯಬೇಡಿ, ಫ್ಯಾನ್ ಹಾಕಬೇಡಿ. ದೂಳು ಗಾಯಕ್ಕೇ ಬಂದು ಕೂರುತ್ತದೆ. ನೋಡಲು ಬಂದ ಜನರನ್ನು ಹೊರಗೆ ನಿಲ್ಲಿಸಿ.

ಎರಡು ಬಕೆಟ್ ನೀರು ಕುದಿಸಿ, ಆರಿಸಿ, ಮುಚ್ಚಿಡಿ. ಒಂದು ಹಸುವಿಗೆ, ಇನ್ನೊಂದು ಕೈ ತೊಳೆಯಲು.

ಹಸುವಿನ ಎಡ ಪಕ್ಕೆಯನ್ನು ಸೋಪು ಹಾಕಿ ತೊಳೆಯಿರಿ. ಬಾಲವನ್ನು ಅದರದೇ ಕಾಲಿಗೆ ಕಟ್ಟಿ, ಕಂಬಕ್ಕಲ್ಲ. ಕೂದಲು ತೆಗೆದ ಮೇಲೆ ಡಾಕ್ಟರು ಪೊವಿಡೋನ್ ಅಯೋಡಿನ್‌ನಂಥ ಔಷಧಿಯಿಂದ ನಡುವಿನಿಂದ ಹೊರಕ್ಕೆ ಉಜ್ಜುತ್ತಾರೆ. ಅಂಚು ಮುಟ್ಟಿದ ಹತ್ತಿ ಮತ್ತೆ ನಡುವಿಗೆ ಬರುವಂತಿಲ್ಲ. ಆ ಔಷಧಿ ಚರ್ಮದ ಮೇಲೆ ಕೆಲವು ನಿಮಿಷ ಇರಬೇಕು. ಸಹಾಯ ಮಾಡೋಣವೆಂದು ಸುಮ್ನೆ ಒರೆಸಿಬಿಡಬೇಡಿ.

ಸಲಕರಣೆಗಳನ್ನು ನಮ್ಮ ಒಲೆಯಲ್ಲೇ ಕುದಿಸಿದರೆ ಸಾಲದೇ? ಸಾಲದು. ಧನುರ್ವಾಯು ತರುವ ಕ್ರಿಮಿಯ ಬೀಜಾಣುಗಳು ಕುದಿನೀರನ್ನೂ ತಾಳುತ್ತವೆ. ಅದಕ್ಕೇ ಆಟೋಕ್ಲೇವ್ ಎನ್ನುವ ಒತ್ತಡದ ಹಬೆ ಪಾತ್ರೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಗೆ ಕನಿಷ್ಠ 15 ನಿಮಿಷ ಇಡುತ್ತಾರೆ.

ಕರುವನ್ನು ಹಿಡಿಯಲು ಒಬ್ಬರು ಬೇರೆಯೇ ಇರಲಿ. ಕರು ಮುಟ್ಟಿದ ಕೈ ಮತ್ತೆ ಗಾಯದ ಹತ್ತಿರ ಹೋಗಬಾರದು. ಕಸವನ್ನು, ಅಂದರೆ ಕರುವಿನ ನಂತರ ಬೀಳುವ ಮಾಸನ್ನು, ಗ್ಲೌಸ್ ಹಾಕಿಯೇ ಎತ್ತಿ. ಬ್ರುಸೆಲ್ಲಾ ರೋಗವಿದ್ದರೆ ಅದರಿಂದ ಮನುಷ್ಯರಿಗೂ ಜ್ವರ ಹತ್ತುತ್ತದೆ. ಬಸುರಿಯರು ದೂರವಿರಲಿ. ಆಳವಾಗಿ ಗುಂಡಿ ತೋಡಿ, ಆ ಕಸವನ್ನು ಸುಣ್ಣ ಹಾಕಿ ಮುಚ್ಚಿ, ನಾಯಿ ಕೆದಕದ ಹಾಗೆ.

ಗಾಯಕ್ಕೆ ಬೂದಿ, ಸೀಮೆಎಣ್ಣೆ, ಹಳೇ ಇಂಜಿನ್ ಆಯಿಲ್ ಬೇಡವೇ ಬೇಡ. ನೊಣ ಕೂತರೆ ಹುಳ ಬೀಳುತ್ತದೆ, ಡಾಕ್ಟರು ಕೊಟ್ಟ ಸ್ಪ್ರೇ ಹೊಡೆಯಿರಿ. ಊತ, ಕೀವು, ಮೆಲುಕು ನಿಂತಿದ್ದು ಕಂಡರೆ ಅವತ್ತೇ ಫೋನ್ ಮಾಡಿ. ಹೊಲಿಗೆ ಬಿಚ್ಚಲು ಸುಮಾರು ಎರಡು ವಾರ ಬೇಕು. ಆಂಟಿಬಯಾಟಿಕ್ ಕೊಟ್ಟಿದ್ದರೆ ಅವರು ಹೇಳಿದಷ್ಟು ದಿನ ಹಾಲನ್ನು ಡೇರಿಗೆ ಹಾಕಬೇಡಿ, ಮನೆಗೂ ಬಳಸಬೇಡಿ.