ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎರಡೂ ಇರುವ ಮನೆಯಲ್ಲಿ ‘ಸಭೆ’ ಬಗ್ಗೆ ಮಾತಾಡೋದು ಹೇಗೆ?

ನಾನು ಹುಟ್ಟಿ ಬೆಳೆದದ್ದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನುವ ಪ್ರೊಟೆಸ್ಟೆಂಟ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ. ಮದುವೆಯಾಗಿ ಬಂದದ್ದು ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಮನೆಗೆ. ಎರಡೂ ಕಡೆಯವರು ಊಟಕ್ಕೆ ಕೂತಾಗ ಒಬ್ಬರು ಪೋಪ್ ವಿಷಯ ಎತ್ತುತ್ತಾರೆ, ಇನ್ನೊಬ್ಬರು ಮಾತೆ ಮರಿಯಳ ವಿಷಯ ಎತ್ತುತ್ತಾರೆ, ಹತ್ತು ನಿಮಿಷದಲ್ಲಿ ಯಾರ ಮಾತೂ ಯಾರಿಗೂ ಕೇಳಿಸದ ಹಾಗೆ ಆಗಿಬಿಡುತ್ತದೆ. ಹನ್ನೆರಡು ವರ್ಷದಲ್ಲಿ ನನಗೆ ಗೊತ್ತಾದದ್ದು ಇಷ್ಟು: ಪೋಪ್, ಪ್ರತಿಮೆ, ಸಂತರು ಇವೆಲ್ಲ ಆಮೇಲಿನ ಮಾತು, ಮೊದಲು ಕೇಳಬೇಕಾದದ್ದು ‘ಸಭೆ ಅಂದರೆ ಏನು’ ಅಂತ.

ಮೊದಲು ಪದಗಳನ್ನು ಗಮನಿಸಿ. ಕ್ಯಾಥೊಲಿಕರು ಕನ್ನಡದಲ್ಲಿ ಧರ್ಮಸಭೆ, ಬಲಿಪೂಜೆ, ಪರಮಪ್ರಸಾದ, ಪ್ರೇಷಿತರು ಅನ್ನುತ್ತಾರೆ. ನಮ್ಮ ಕಡೆ ಅವಕ್ಕೇ ಸಭೆ, ಆರಾಧನೆ, ಕರ್ತನ ಭೋಜನ (ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು), ಅಪೊಸ್ತಲರು (ಯೇಸು ಕಳುಹಿಸಿದ ಮೊದಲ ಶಿಷ್ಯರು). ಸುಮ್ನೆ ಪದ ಬೇರೆ ಅಂದುಕೊಳ್ಳಬೇಡಿ. ‘ಬಲಿಪೂಜೆ’ ಅಂದಾಗ ಕಣ್ಣ ಮುಂದೆ ಪೀಠ ಬರುತ್ತದೆ, ‘ಭೋಜನ’ ಅಂದಾಗ ಮೇಜು. ಅರ್ಧ ವ್ಯತ್ಯಾಸ ಅಲ್ಲೇ ಇದೆ. ಎದುರಿಗಿರುವವರ ಪದವನ್ನೇ ಬಳಸಿ ಮಾತಾಡಿ, ಜಗಳ ಎಷ್ಟೋ ಕಡಿಮೆಯಾಗುತ್ತದೆ.

ಆಮೇಲೆ ಮತ್ತಾಯನ 16ನೇ ಅಧ್ಯಾಯ ತೆಗೆಯಿರಿ. ಇಬ್ಬರ ಬೈಬಲನ್ನೂ ಪಕ್ಕಪಕ್ಕ ಇಟ್ಟುಕೊಂಡು 13ರಿಂದ 19ನೇ ವಚನದವರೆಗೆ ಜೋರಾಗಿ ಓದಿ. ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುತ್ತೇನೆ ಎಂದು ಯೇಸು ತನ್ನ ಶಿಷ್ಯ ಪೇತ್ರನಿಗೆ ಹೇಳುವ ಭಾಗ ಅದು. ಬಂಡೆ ಅಂದರೆ ಪೇತ್ರನೇ, ಅವನ ಜವಾಬ್ದಾರಿ ರೋಮಿನ ಬಿಷಪರಿಗೆ ಇವತ್ತಿನವರೆಗೂ ಇಳಿದು ಬಂದಿದೆ ಅನ್ನುವುದು ಕ್ಯಾಥೊಲಿಕರ ನಂಬಿಕೆ. ಪ್ರೊಟೆಸ್ಟೆಂಟರಲ್ಲಿ ತುಂಬಾ ಜನ, ‘ನೀನೇ ಕ್ರಿಸ್ತನು’ ಎಂದು ಪೇತ್ರ ಒಪ್ಪಿಕೊಂಡ ಮಾತೇ ಬಂಡೆ ಅನ್ನುತ್ತಾರೆ. ಬಂಡೆ ಪೇತ್ರನೇ ಇರಬಹುದು, ಆದರೆ ಅವನ ನಂತರದವರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲವಲ್ಲ ಅನ್ನುವವರೂ ಇದ್ದಾರೆ.

ಈಗ ಮುಖ್ಯ ವಿಷಯ. ಇಲ್ಲಿ ಅವಸರ ಮಾಡಬೇಡಿ. ಕ್ಯಾಥೊಲಿಕರಿಗೆ ಧರ್ಮಸಭೆ ಕಣ್ಣಿಗೆ ಕಾಣುವಂಥದ್ದು. ಕ್ರಿಸ್ತನೇ ಸ್ಥಾಪಿಸಿದ್ದು, ತಲೆಯ ಮೇಲೆ ಕೈಯಿಟ್ಟು ಬಿಷಪರಿಂದ ಬಿಷಪರಿಗೆ ದಾಟಿಸುತ್ತಾ ಬಂದದ್ದು, ನಂಬಿಕೆಯನ್ನು ಕೊಟ್ಟು ಸಾಕುವ ತಾಯಿ ಇದ್ದ ಹಾಗೆ. ಕ್ರಿಸ್ತನ ಸಭೆ ಕ್ಯಾಥೊಲಿಕ್ ಧರ್ಮಸಭೆಯಲ್ಲಿ ನೆಲೆಸಿದೆ, ಆದರೆ ಅದರ ಹೊರಗೂ ಸತ್ಯ ಮತ್ತು ಪಾವಿತ್ರ್ಯದ ಅಂಶಗಳಿವೆ ಎಂದು ಕ್ಯಾಥೊಲಿಕ್ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಕಡೆಯವರು 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯಲ್ಲಿ ಹೇಳಿದ್ದು ಬೇರೆ. ಸುವಾರ್ತೆಯನ್ನು ಸರಿಯಾಗಿ ಸಾರುವ, ಸಂಸ್ಕಾರಗಳನ್ನು ಸರಿಯಾಗಿ ನಡೆಸುವ ಭಕ್ತರ ಕೂಟವೇ ಸಭೆ, ಮನುಷ್ಯರು ಮಾಡಿದ ಪದ್ಧತಿಗಳು ಎಲ್ಲ ಕಡೆ ಒಂದೇ ಥರ ಇರಬೇಕಾಗಿಲ್ಲ ಅಂತ. ಅಂದರೆ ಒಬ್ಬರಿಗೆ ಸಭೆಯಿಂದ ವಾಕ್ಯ (ಬೈಬಲಿನಲ್ಲಿರುವ ದೇವರ ಮಾತು) ಸಿಗುತ್ತದೆ, ಇನ್ನೊಬ್ಬರಿಗೆ ವಾಕ್ಯದಿಂದಲೇ ಸಭೆ ಹುಟ್ಟುತ್ತದೆ. ಇದೊಂದು ಅರ್ಥವಾದರೆ ಉಳಿದದ್ದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಒಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ. ‘ಪ್ರೊಟೆಸ್ಟೆಂಟರಿಗೆ ಬಿಷಪರಿಲ್ಲ’ ಅಂದುಬಿಡುತ್ತಾರೆ. ನಮ್ಮ ಸಿಎಸ್‌ಐನಲ್ಲಿ ಇದ್ದಾರಲ್ಲ! ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾದಾಗ, ಅದುವರೆಗೆ ಬಿಷಪರೇ ಇಲ್ಲದ ಸಭೆಗಳೂ ಬಿಷಪರನ್ನು ಒಪ್ಪಿಕೊಂಡವು. ಆದರೂ ಕ್ಯಾಥೊಲಿಕರು ಆ ಬಿಷಪರ ಅಭಿಷೇಕವನ್ನು ತಮ್ಮದಕ್ಕೆ ಸಮ ಎಂದು ಒಪ್ಪುವುದಿಲ್ಲ. ಆಂಗ್ಲಿಕನ್ ಗುರುದೀಕ್ಷೆ ಸಿಂಧುವಲ್ಲ ಎಂದು 13ನೇ ಲಿಯೋ ಪೋಪ್ 1896ರಲ್ಲೇ ಹೇಳಿದ್ದರು. ಹಾಗಾಗಿ ಪ್ರಶ್ನೆ ಬಿಷಪರು ಇದ್ದಾರೋ ಇಲ್ಲವೋ ಅಂತಲ್ಲ, ಆ ಕೊಂಡಿ ಪ್ರೇಷಿತರವರೆಗೆ ಕಡಿಯದೆ ಹೋಗುತ್ತದೆಯೋ ಅಂತ.

ಇದು ಮನಸ್ಸಿಗೆ ನಾಟುವುದು ಪರಮಪ್ರಸಾದದ ಸಾಲಿನಲ್ಲಿ. ಮದುವೆಯಾದ ಮೊದಲ ಭಾನುವಾರ, ಗಂಡನ ಕಡೆಯ ಚರ್ಚಿನಲ್ಲಿ, ಪ್ರಸಾದ ತೆಗೆದುಕೊಳ್ಳಲು ನಮ್ಮ ಬೆಂಚಿನವರೆಲ್ಲ ಎದ್ದು ಹೋದರು. ನಾನು ಮೊಣಕಾಲು ಒಂದು ಕಡೆ ತಿರುಗಿಸಿ ಅವರಿಗೆ ದಾರಿ ಬಿಟ್ಟು, ಮಡಿಲಲ್ಲಿ ಕೈ ಇಟ್ಟುಕೊಂಡು ಕೂತೆ. ಅಳು ಬಂದಿತ್ತು. ಯಾರೂ ನನ್ನನ್ನು ದೂರ ಇಡಲಿಲ್ಲ ಅನ್ನುವುದು ಗೊತ್ತಾಗಲು ತುಂಬಾ ದಿನ ಬೇಕಾಯಿತು. ಕ್ಯಾಥೊಲಿಕರಿಗೆ ಆ ಪ್ರಸಾದ ತೆಗೆದುಕೊಳ್ಳುವುದೆಂದರೆ ‘ನಾನು ಈ ಧರ್ಮಸಭೆಯೊಂದಿಗೆ ಪೂರ್ತಿ ಒಂದಾಗಿದ್ದೇನೆ’ ಎಂದು ಎಲ್ಲರ ಎದುರು ಹೇಳಿದ ಹಾಗೆ. ಹಾಗೆ ಆಗಿರದೆ ಹೇಳುವುದು ಸರಿಯಲ್ಲ ಅಲ್ವಾ? ನಮ್ಮಲ್ಲಿ ಸಾಮಾನ್ಯವಾಗಿ ಬೇರೆ ಸಭೆಯವರನ್ನೂ ಕರ್ತನ ಭೋಜನಕ್ಕೆ ಕರೆಯುತ್ತಾರೆ. ಕರೆದರೂ ಗಂಡ ಬರುವುದಿಲ್ಲ, ಅವರ ನಿಯಮ ಬಿಡುವುದಿಲ್ಲ. ಇದನ್ನು ನೆಂಟರಿಗೆ ಮೊದಲೇ ಹೇಳಿಡಿ, ಸಾಲಿನಲ್ಲಿ ನಿಂತ ಮೇಲೆ ಹೇಳಬೇಡಿ.

ಮದುವೆ ಮಾತು ನಡೆಯುತ್ತಿದ್ದರೆ ಒಂದು ಸಮಾಧಾನದ ವಿಷಯ. ನೀರಿನಿಂದ, ತ್ರಿಯೇಕ ದೇವರ ಹೆಸರಿನಲ್ಲಿ ಆದ ದೀಕ್ಷಾಸ್ನಾನವನ್ನು ಕ್ಯಾಥೊಲಿಕರು ಒಪ್ಪುತ್ತಾರೆ, ಮತ್ತೆ ಮಾಡಿಸುವುದಿಲ್ಲ. ಮದುವೆಗೆ ಮಾತ್ರ ಅವರ ಬಿಷಪರ ಅನುಮತಿ ಬೇಕು. ಛತ್ರ ಬುಕ್ ಮಾಡುವ ಮುಂಚೆಯೇ ಎರಡೂ ಕಡೆಯ ಗುರುಗಳನ್ನು ಹೋಗಿ ನೋಡಿ.

ಇನ್ನು ಪ್ರೊಟೆಸ್ಟೆಂಟರು ಅಂದರೆ ಎಲ್ಲರೂ ಒಂದೇ ಅಂದುಕೊಳ್ಳಬೇಡಿ. ಕರ್ತನ ಭೋಜನದ ರೊಟ್ಟಿಯಲ್ಲಿ ಕ್ರಿಸ್ತ ಹೇಗಿದ್ದಾನೆ ಅನ್ನುವ ಪ್ರಶ್ನೆಗೇ ಲೂಥರ್ ಮತ್ತು ಸ್ವಿಟ್ಜರ್‌ಲ್ಯಾಂಡಿನ ಸುಧಾರಕ ಜ್ವಿಂಗ್ಲಿ 1529ರಲ್ಲಿ ಜರ್ಮನಿಯ ಮಾರ್ಬರ್ಗಿನಲ್ಲಿ ಒಮ್ಮತಕ್ಕೆ ಬಾರದೆ ಬೇರೆಯಾದರು. ಬ್ಯಾಪ್ಟಿಸ್ಟರು ಒಂದೊಂದು ಊರಿನ ಸಭೆಯೂ ತನಗೆ ತಾನೇ ಪೂರ್ತಿ ಸಭೆ ಅನ್ನುತ್ತಾರೆ.

ಕೊನೆಗೆ, ಒಂದು ಭಾನುವಾರ ಅವರ ಕಡೆ, ಮುಂದಿನ ಭಾನುವಾರ ನಿಮ್ಮ ಕಡೆ ಎಲ್ಲರೂ ಒಟ್ಟಿಗೆ ಹೋಗಿ. ಮನೆಗೆ ಬಂದು ಕಾಫಿ ಕುಡಿಯುವಾಗ ಒಂದೇ ಒಂದು ಪ್ರಶ್ನೆ ಕೇಳಿ: ‘ಇವತ್ತು ಅಲ್ಲಿ ಏನು ಇಲ್ಲದಿದ್ದರೆ ನಿಮಗೆ ಅದು ಸಭೆ ಅನ್ನಿಸುತ್ತಿರಲಿಲ್ಲ?’ ನಮ್ಮ ಮಾವ ‘ಪರಮಪ್ರಸಾದ’ ಅಂದರು. ನಮ್ಮಪ್ಪ ‘ವಾಕ್ಯ’ ಅಂದರು. ಆಮೇಲೆ ಇಬ್ಬರೂ ಜಗುಲಿಯಲ್ಲಿ ಕೂತು ಕತ್ತಲಾಗುವವರೆಗೆ ಮಾತಾಡಿದರು.