ಕ್ಯಾಮೆರಾ ಮುಟ್ಟದೆ ಸಬ್‌ನೆಟ್ ಮಾಡಿದ್ದು: ಬ್ಯಾಡಗಿಯ ಅನುಭವ

ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ನಾನು ಮಾಡಿದ ಸಬ್‌ನೆಟ್ (ಒಂದೇ ನೆಟ್‌ವರ್ಕನ್ನು ಸಣ್ಣ ಸಣ್ಣ ಭಾಗ ಮಾಡುವುದು) ಈ ಸೀಸನ್ ಪೂರ್ತಿ ಕೈ ಕೊಡದೆ ನಡೆಯಿತು. ಆಗಲ್ಲ ಅಂದವರೇ ಜಾಸ್ತಿ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿದ್ದದ್ದು ಒಂದೇ ನೆಟ್‌ವರ್ಕ್: 192.168.1.0, ಸ್ಲ್ಯಾಶ್ 24, ಅಂದರೆ ಸಾಧನಗಳಿಗೆ ಕೊಡಲು 254 ಅಡ್ರೆಸ್. ಸ್ಲ್ಯಾಶ್ ನಂಬರ್ ದೊಡ್ಡದಾದಷ್ಟೂ ಅಡ್ರೆಸ್ ಕಡಿಮೆ. ಸುಮಾರು 90 ಕ್ಯಾಮೆರಾ, 20-25 ಕಂಪ್ಯೂಟರ್, ಕಾಟಾ (ತೂಕದ ಯಂತ್ರ), ಪ್ರಿಂಟರ್. ಟೆಂಡರ್ ದಿನ ದಲಾಲರು, ರೈತರು, ಡ್ರೈವರ್‌ಗಳ ಫೋನೂ ಸೇರಿದರೆ 254 ಎಲ್ಲಿ ಸಾಕು? ಲೀಸ್, ಅಂದರೆ ಒಂದು ಸಾಧನಕ್ಕೆ ಅಡ್ರೆಸ್ ಕಾದಿಡುವ ಅವಧಿ, ಬೇರೆ 24 ಗಂಟೆ. ಬೆಳಿಗ್ಗೆ ಬಂದು ಹೋದ ಫೋನಿನ ಅಡ್ರೆಸ್ ಮರುದಿನದವರೆಗೂ ಬಿಡುಗಡೆ ಆಗುತ್ತಿರಲಿಲ್ಲ. ಮಧ್ಯಾಹ್ನ ಆಫೀಸಿನ ಲ್ಯಾಪ್‌ಟಾಪ್‌ಗೆ 169.254 ಅಂತ ಶುರುವಾಗುವ ಅಡ್ರೆಸ್ (ಬೇರೆ ಸಿಗದಾಗ ಅದೇ ಹಾಕಿಕೊಳ್ಳುವುದು) ಬಂದು ಬಿಲ್ಲಿಂಗ್ ನಿಲ್ಲುತ್ತಿತ್ತು.

ಮೊದಲು ಬಂದವರು ಕ್ಯಾಮೆರಾ, ಸ್ವಿಚ್ ಎಲ್ಲ ಬದಲಿಸಲು ಒಂದೂಮುಕ್ಕಾಲು ಲಕ್ಷದ ಕೊಟೇಶನ್ ಕೊಟ್ಟಿದ್ದರು. ಇನ್ನೊಬ್ಬರು ಅಡ್ರೆಸ್ ಹೆಚ್ಚಿಸಲು ಮಾಸ್ಕ್ (ನೆಟ್‌ವರ್ಕ್ ಎಷ್ಟು ದೊಡ್ಡದು ಅಂತ ಹೇಳುವ ನಂಬರ್) 255.255.254.0 ಮಾಡಿ ಹೋಗಿದ್ದರು. 192.168.0 ಅಡ್ರೆಸ್ ಸಿಕ್ಕ ಕಂಪ್ಯೂಟರ್‌ಗಳಿಗೆ ಎನ್‌ವಿಆರ್ (ಕ್ಯಾಮೆರಾ ರೆಕಾರ್ಡರ್) ಕಾಣಲೇ ಇಲ್ಲ. ಅದರಲ್ಲಿ ಹಳೇ ಮಾಸ್ಕೇ ಇತ್ತು, ಗೇಟ್‌ವೇ (ಬೇರೆ ನೆಟ್‌ವರ್ಕಿಗೆ ದಾಟಿಸುವ ರೌಟರಿನ ಅಡ್ರೆಸ್) ಹಾಕಿರಲಿಲ್ಲ. ಉತ್ತರ ಕಳಿಸಲು ಅದಕ್ಕೆ ದಾರಿಯೇ ಇಲ್ಲ. ಕ್ಯಾಮೆರಾಗಳ ಪಾಸ್‌ವರ್ಡ್ ಯಾರ ಹತ್ತಿರವೂ ಇರಲಿಲ್ಲ, ಹಾಗಾಗಿ ಅವುಗಳ ಸೆಟ್ಟಿಂಗ್ ಬದಲಿಸಲೂ ಆಗುತ್ತಿರಲಿಲ್ಲ.

ನಾನು ಕ್ಯಾಮೆರಾ ಮುಟ್ಟಲಿಲ್ಲ. ಅವು ಹಳೇ ಅಡ್ರೆಸ್‌ನಲ್ಲೇ ಇರಲಿ ಅಂತ ಬೇರೆ ವಿಲ್ಯಾನ್‌ಗೆ (ಅದೇ ಸ್ವಿಚ್‌ಗಳಲ್ಲೇ ಪ್ರತ್ಯೇಕ ಮಾಡಿದ ನೆಟ್‌ವರ್ಕ್) ಹಾಕಿದೆ. ಡಿಎಚ್‌ಸಿಪಿಯಲ್ಲಿದ್ದ, ಅಂದರೆ ತಾನಾಗೇ ಅಡ್ರೆಸ್ ಪಡೆಯುತ್ತಿದ್ದ, ಸಾಧನಗಳ ಜಾಗವನ್ನೇ ಬದಲಿಸಿದೆ. ಆಫೀಸಿಗೆ 10.20.1.0 ಸ್ಲ್ಯಾಶ್ 26. ಕಾಟಾ, ಪ್ರಿಂಟರ್‌ಗೆ 10.20.1.64 ಸ್ಲ್ಯಾಶ್ 27. ಫೋನ್‌ಗಳಿಗೆ 10.20.2.0 ಸ್ಲ್ಯಾಶ್ 23, ಅಂದರೆ 510 ಅಡ್ರೆಸ್. ಎನ್‌ವಿಆರ್‌ಗೆ ಎರಡು ಲ್ಯಾನ್ ಪೋರ್ಟ್ ಇದ್ದವು: ಒಂದು ಕ್ಯಾಮೆರಾ ಕಡೆ, ಇನ್ನೊಂದು ಆಫೀಸ್ ಕಡೆ.

"ಬರೇ ನಂಬರ್ ಬದಲಿ ಮಾಡಿದ್ರ ಏನಾಗ್ತೈತಿ ತಮ್ಮಾ?" ಅಂದರು ಸಾವ್ಕಾರ್ರು. ಕೆಲಸ ಆದಮೇಲೆ ರೊಕ್ಕ ಕೊಡ್ರಿ ಅಂದೆ. ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ಮೈಕ್ರೋಟಿಕ್ ರೌಟರ್, ಒಂದೆರಡು ಮ್ಯಾನೇಜ್ಡ್ ಸ್ವಿಚ್ (ವಿಲ್ಯಾನ್ ಮಾಡಲು ಬರುವಂಥವು) ತಂದೆ. ಸಾಮಾನಿಗೆ 23-24 ಸಾವಿರ, ನನ್ನ ಕೂಲಿ ಎಂಟು. ಯಾವ ಕ್ಯಾಮೆರಾ ಯಾವ ಪೋರ್ಟಿನಲ್ಲಿದೆ ಅಂತ ಏಣಿ ಹತ್ತದೆ ಒಂದೇ ಮಧ್ಯಾಹ್ನದಲ್ಲಿ ಪತ್ತೆ ಮಾಡಿದೆ. ಹೇಗೆ ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಕಾಟಾದ ಹುಡುಗ ಹೊಸ ಪ್ರಿಂಟರ್‌ಗೆ 10.20.1.95 ಹಾಕಿ, ತಗೊಳ್ತಿಲ್ಲ ಅಂತ ಫೋನ್ ಮಾಡಿದ. ಆ ಬ್ಲಾಕಿಗೆ 95 ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಒಟ್ಟಿಗೆ ಕಳಿಸುವ ಕೊನೇ ಅಡ್ರೆಸ್, ಅದನ್ನು ಯಾವ ಸಾಧನಕ್ಕೂ ಕೊಡುವಂತಿಲ್ಲ. 94 ಹಾಕು ಅಂದೆ, ಪ್ರಿಂಟ್ ಬಂತು.

ಸುಮ್ನೆ ನೋಡೋಣ ಅಂತ ಫೋನ್‌ಗಳ ಲೀಸನ್ನು ಹತ್ತು ನಿಮಿಷಕ್ಕೆ ಇಳಿಸಿದ್ದೆ. ಲಾಗ್ ತುಂಬಿತೇ ಹೊರತು ಲಾಭ ಆಗಲಿಲ್ಲ. ಒಂದು ಗಂಟೆ ಸರಿಯಾಗಿ ಕೂತಿತು. ಎದುರಿನ ಗೋಡೌನ್‌ಗೆ ಹೋಗುವ ವೈರ್‌ಲೆಸ್ ಲಿಂಕ್‌ಗೆ ಸ್ಲ್ಯಾಶ್ 30 ಕೊಟ್ಟೆ. ಎರಡು ತುದಿಗೆ ಎರಡು ಅಡ್ರೆಸ್, ಅಷ್ಟೇ ಬೇಕಾದದ್ದು ಅಲ್ವಾ?

ಕಾಟಾ ಬ್ಲಾಕಿನ ಪಕ್ಕ 96ರಿಂದ 127 ಬೇಕಂತಲೇ ಖಾಲಿ ಬಿಟ್ಟಿದ್ದೇನೆ. ಮುಂದಿನ ಸೀಸನ್‌ಗೆ ಇನ್ನೆರಡು ಕಾಟಾ ಬರುತ್ತವಂತೆ. ಜಾಗ ಸಾಲದಿದ್ದರೆ 64ರಿಂದಲೇ ಸ್ಲ್ಯಾಶ್ 26 ಮಾಡುತ್ತೇನೆ. ಮಾಸ್ಕ್ ಬದಲಿಸಿದರೆ ಆಯ್ತು, ಯಾರ ಅಡ್ರೆಸ್ಸೂ ಬದಲಾಗಲ್ಲ.