ಅವರೆ ಕಾಲದ ಚಿಕನ್ ಪಾಸ್ತಾ ಸೂಪ್: ನಾನು ಮಾಡುವ ಕ್ರಮ

ಚಿಕ್ಕಬಳ್ಳಾಪುರದಲ್ಲಿ ಚಳಿ ಹಿಡಿಯುವುದೂ ಸೊಗಡವರೆ ಮಾರ್ಕೆಟ್ಟಿಗೆ ಬರುವುದೂ ಒಂದೇ ಹೊತ್ತಿಗೆ. ಡಿಸೆಂಬರಿನಿಂದ ಸಂಕ್ರಾಂತಿವರೆಗೆ ಸಂಜೆಯಾದರೆ ಬಿಸಿಬಿಸಿ ಏನಾದರೂ ಬೇಕೇ ಬೇಕು. ಆ ದಿನಗಳಿಗೆ ನಾನು ಮಾಡುವ ಹಾಲು, ಕೆನೆ ಹಾಕಿದ ಚಿಕನ್ ಪಾಸ್ತಾ ಸೂಪಿನ ಕ್ರಮ ಇದು. ಕಷ್ಟದ ಕೆಲಸ ಯಾವುದೂ ಇಲ್ಲ, ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಬಾರದು. ಹಾಲು ಒಡೆಯುವುದು, ಮೈದಾ ಗಂಟು ಕಟ್ಟುವುದು, ಅರ್ಧ ಗಂಟೆಯಲ್ಲಿ ಪಾಸ್ತಾ ಊದಿ ಸೂಪನ್ನೆಲ್ಲ ಹೀರಿಬಿಡುವುದು, ಇವೆಲ್ಲ ಕ್ರಮ ತಪ್ಪಿದಾಗ ಆಗುವಂಥವು.

ಆರು ಜನಕ್ಕೆ ಅಳತೆ ಹೀಗೆ. ಮೂಳೆ ಸಮೇತ ಬ್ರಾಯ್ಲರ್ ಕೋಳಿ 1 ಕೆ.ಜಿ., ನೀರು ಎರಡೂಕಾಲು ಲೀಟರ್, ಬೆಣ್ಣೆ 60 ಗ್ರಾಂ, ಮೈದಾ 60 ಗ್ರಾಂ ಅಂದರೆ ಅಳತೆ ಕಪ್ಪಿನಲ್ಲಿ ಅರ್ಧ, ಹಾಲು ಅರ್ಧ ಲೀಟರ್, ಫ್ರೆಶ್ ಕ್ರೀಮ್ 100 ಮಿಲಿ, ಪಾಸ್ತಾ 150 ಗ್ರಾಂ, ಹಿದುಕಿದ ಅವರೆಬೇಳೆ ಒಂದು ಕಪ್, ಕ್ಯಾರೆಟ್ ಎರಡು, ಈರುಳ್ಳಿ ಎರಡು, ಬೆಳ್ಳುಳ್ಳಿ ಎಂಟು ಎಸಳು, ಶುಂಠಿ ಅರ್ಧ ಇಂಚು, ಕಾಳುಮೆಣಸು ಎರಡು ಟೀ ಚಮಚ, ದೊಡ್ಡಪತ್ರೆ ಎರಡು ಎಲೆ, ಒಂದು ಜಾಯಿಕಾಯಿ. ಸೆಲರಿ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಅದಿಲ್ಲದೆಯೂ ಸೂಪ್ ಚೆನ್ನಾಗಿಯೇ ಬರುತ್ತದೆ. ಒರಿಗಾನೊ, ಥೈಮ್ ಹಾಕುವ ಜಾಗಕ್ಕೆ ದೊಡ್ಡಪತ್ರೆ ಸರಿಹೊಂದುತ್ತದೆ, ಅವುಗಳ ಘಮಕ್ಕೆ ಕಾರಣವಾದ ಎಣ್ಣೆಯಂಶಗಳೇ ಇದರಲ್ಲೂ ಇವೆ. ಎರಡು ಎಲೆಗಿಂತ ಹೆಚ್ಚು ಹಾಕಿದರೆ ಮಾತ್ರ ಕೆಮ್ಮಿನ ಕಷಾಯದ ವಾಸನೆ ಬರುತ್ತದೆ.

ಕೋಳಿ ಅಂಗಡಿಯಲ್ಲಿ ಸಾರಿಗೆ ಹೊಡೆಯುವ ಹಾಗೆ ಸಣ್ಣ ಪೀಸ್ ಮಾಡಿಸಬೇಡಿ. ಮೂಳೆ ಚೂರು ಸೂಪಿನಲ್ಲಿ ಉಳಿದು ಮಕ್ಕಳ ಗಂಟಲಿಗೆ ಸಿಗುತ್ತದೆ. ಎಂಟು ದೊಡ್ಡ ತುಂಡು ಸಾಕು, ಎದೆಭಾಗ ಮೂಳೆಯಲ್ಲೇ ಇರಲಿ, ಕತ್ತು ಮತ್ತು ಬೆನ್ನು ಬಿಟ್ಟುಬರಬೇಡಿ. ಚರ್ಮ ಸುಲಿದು ಉಗುರು ಕತ್ತರಿಸಿದ ಕೋಳಿಕಾಲು ನಾಲ್ಕು ಸಿಕ್ಕರೆ ಇನ್ನೂ ಒಳ್ಳೆಯದು. ಅದರಿಂದ ಇಳಿಯುವ ಜೆಲಟಿನ್ ಸೂಪಿಗೆ ಮೈ ಕೊಡುತ್ತದೆ, ಕ್ರೀಮ್ ಕಡಿಮೆ ಹಾಕಿದರೂ ನಾಲಿಗೆಗೆ ಗಟ್ಟಿಯಾಗಿ ಹತ್ತುತ್ತದೆ. ನಾಟಿ ಕೋಳಿಯ ರಸ ಇನ್ನೂ ಗಾಢ, ಒಪ್ಪುತ್ತೇನೆ. ಆದರೆ ಮಾಂಸ ಬೇಯಲು ಗಂಟೆಗಟ್ಟಲೆ ಬೇಕು, ಅದರ ರುಚಿಗೆ ಹಾಲೂ ಹೊಂದುವುದಿಲ್ಲ. ಅದನ್ನು ಮುದ್ದೆ ಸಾರಿಗೇ ಇಟ್ಟುಕೊಳ್ಳಿ.

ಕೋಳಿಯನ್ನು ತಣ್ಣೀರಿನಲ್ಲೇ ಇಟ್ಟು ಒಲೆ ಹಚ್ಚಬೇಕು. ನಿಧಾನವಾಗಿ ಬಿಸಿಯಾದರೆ ಕಲ್ಮಶವೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಜಾಲರಿ ಸೌಟಿನಲ್ಲಿ ತೆಗೆಯಬಹುದು. ಕುದಿಯುವ ನೀರಿಗೆ ಹಾಕಿದರೆ ಅದು ರಸದಲ್ಲೇ ಕದಡಿಹೋಗುತ್ತದೆ. ನೊರೆ ತೆಗೆದ ಮೇಲೆ ಒಂದು ಈರುಳ್ಳಿಯನ್ನು ಎರಡು ಹೋಳು ಮಾಡಿ ಹಾಕಿ, ಜಜ್ಜಿದ ಶುಂಠಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಮಚ ಇಡೀ ಮೆಣಸು, ದೊಡ್ಡಪತ್ರೆ, ಅರ್ಧ ಚಮಚ ಉಪ್ಪು ಸೇರಿಸಿ. ಪಲಾವ್ ಎಲೆ ಹಾಕುವುದಾದರೆ ಅರ್ಧ ಎಲೆ ಸಾಕು, ಪೂರ್ತಿ ಹಾಕಿದರೆ ಸೂಪೆಲ್ಲ ಪಲಾವಿನ ವಾಸನೆ ಹೊಡೆಯುತ್ತದೆ. ಉರಿ ಸಣ್ಣಗಿರಲಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು. ಕೊತಕೊತ ಕುದಿಸಿದರೆ ಕೊಬ್ಬು ರಸದಲ್ಲಿ ಕಡೆದುಹೋಗಿ ಬಾಯಿಗೆ ಜಿಡ್ಡು ಅನ್ನಿಸುತ್ತದೆ, ಎದೆ ಮಾಂಸ ನಾರುನಾರಾಗುತ್ತದೆ. ಎದೆ ತುಂಡುಗಳನ್ನು ಇಪ್ಪತ್ತು ನಿಮಿಷಕ್ಕೆ, ತೊಡೆಯನ್ನು ಮೂವತ್ತೈದು ನಿಮಿಷಕ್ಕೆ ಹೊರಗೆ ತೆಗೆಯುತ್ತೇನೆ. ಥರ್ಮಾಮೀಟರ್ ಇದ್ದರೆ ದಪ್ಪ ಭಾಗದ ಒಳಗೆ 74 ಡಿಗ್ರಿ ತೋರಿಸಬೇಕು. ಇಲ್ಲದಿದ್ದರೆ ಚುಚ್ಚಿದಾಗ ಬರುವ ನೀರಿನಲ್ಲಿ ಕೆಂಪು ಇರಬಾರದು. ಆರಿದ ಮೇಲೆ ಮಾಂಸ ಬಿಡಿಸಿ, ಎಳೆ ಒಂದು ಇಂಚಿಗಿಂತ ಉದ್ದ ಇರದಂತೆ ನೋಡಿಕೊಳ್ಳಿ. ಉದ್ದ ಎಳೆ ಚಮಚದಿಂದ ಜೋತುಬಿದ್ದು ತಿನ್ನಲು ತೊಡಕಾಗುತ್ತದೆ. ಮೂಳೆಗಳನ್ನು ಮತ್ತೆ ರಸಕ್ಕೆ ಹಾಕಿ ಅರ್ಧ ಗಂಟೆ ಬೇಯಿಸಿ ಸೋಸಿದರೆ ಸುಮಾರು ಒಂದೂವರೆ ಲೀಟರ್ ಸ್ಟಾಕ್ ಸಿಗುತ್ತದೆ. ಕಡಿಮೆ ಬಿದ್ದರೆ ಬಿಸಿನೀರು ಸೇರಿಸಿ ಅಷ್ಟಕ್ಕೆ ತನ್ನಿ. ಆತುರವಿದ್ದರೆ ಈ ಮೂಳೆಗಳನ್ನು ಮಾತ್ರ ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿ, ಮಾಂಸವನ್ನು ಕುಕ್ಕರಿಗೆ ಹಾಕಬೇಡಿ.

ಶುಂಠಿಯ ವಿಷಯ ಒತ್ತಿ ಹೇಳಬೇಕು. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ, ಹಸಿ ರಸ ಬಿದ್ದರೆ ಹಾಲು ಒಡೆಯುತ್ತದೆ. ಸ್ಟಾಕಿನಲ್ಲಿ ಚೆನ್ನಾಗಿ ಬೆಂದ ಶುಂಠಿಯಿಂದ ಆ ಭಯವಿಲ್ಲ. ಹಾಗಾಗಿ ಶುಂಠಿ ಬೆಳ್ಳುಳ್ಳಿ ಪೇಸ್ಟನ್ನು ಕೊನೆಗೆ ಒಂದು ಚಮಚ ಕಲಸುವ ಅಭ್ಯಾಸ ಈ ಸೂಪಿಗೆ ಬೇಡ. ಟೊಮ್ಯಾಟೊವೂ ಹಾಗೆಯೇ. ಕೋಲಾರ, ಚಿಂತಾಮಣಿ ಕಡೆಯವರ ಅಡಿಗೆಮನೆಯಲ್ಲಿ ಅದಿಲ್ಲದ ದಿನವಿಲ್ಲ, ಕೈ ತಾನಾಗಿ ಅತ್ತ ಹೋಗುತ್ತದೆ. ಆದರೆ ಬಿಸಿ, ಹುಳಿ, ಉಪ್ಪು ಮೂರೂ ಸೇರಿದಾಗ ಹಾಲು ಬೇಗ ಒಡೆಯುತ್ತದೆ. ನಿಂಬೆರಸ ಬೇಕೆನಿಸಿದರೆ ಬಟ್ಟಲಿಗೆ ಬಡಿಸಿದ ಮೇಲೆ ನಾಲ್ಕು ಹನಿ ಹಿಂಡಿಕೊಳ್ಳಲಿ.

ಅವರೆಬೇಳೆಯನ್ನು ಎರಡು ಕಪ್ ಸ್ಟಾಕಿನಲ್ಲಿ ಬೇರೆ ಪಾತ್ರೆಯಲ್ಲೇ ಬೇಯಿಸಬೇಕು. ಹಿದುಕಿದ ಬೇಳೆ ಹತ್ತು ಹನ್ನೆರಡು ನಿಮಿಷಕ್ಕೆ ಬೇಯುತ್ತದೆ. ಎರಡು ಬೆರಳಿನ ನಡುವೆ ಒತ್ತಿದರೆ ಮೆತ್ತಗಾಗಬೇಕು, ಆದರೆ ಎರಡು ಹೋಳಾಗಿ ಬಿಚ್ಚಿಕೊಳ್ಳಬಾರದು. ಸೊಗಡೆಲ್ಲ ಆ ಎರಡು ಕಪ್ ರಸಕ್ಕೆ ಇಳಿದಿರುತ್ತದೆ, ಅದನ್ನು ಚೆಲ್ಲದೆ ಬೇಳೆಯ ಜೊತೆಗೇ ಸೂಪಿಗೆ ಸುರಿಯುತ್ತೇನೆ. ಅವರೆ ಮುಗಿದ ಕಾಲದಲ್ಲಿ ಹಸಿ ಬಟಾಣಿ ಅಥವಾ ಸ್ವೀಟ್ ಕಾರ್ನ್ ಹಾಕಬಹುದು. ರುಚಿ ಬೇರೆ, ಅವರೆಯ ಗಮ್ಮತ್ತು ಬರುವುದಿಲ್ಲ.

ಇನ್ನು ಮೈದಾ ಹುರಿಯುವ ಕೆಲಸ. ದಪ್ಪ ತಳದ ಸ್ಟೀಲ್ ಪಾತ್ರೆ ಬೇಕು. ಅಲ್ಯುಮಿನಿಯಂ ಪಾತ್ರೆಯಲ್ಲಿ ಕಡೆದರೆ ಬಿಳಿ ಸೂಪ್ ಬೂದು ಬಣ್ಣಕ್ಕೆ ತಿರುಗಬಹುದು. ಬೆಣ್ಣೆ ಹೊಸದಿರಲಿ, ಹುಳಿ ವಾಸನೆ ಬಂದ ಮನೆಬೆಣ್ಣೆಯನ್ನು ತುಪ್ಪ ಕಾಯಿಸಲು ಇಡಿ. ಬೆಣ್ಣೆ ಕರಗಿದ ಮೇಲೆ ಸಣ್ಣಗೆ ಹೆಚ್ಚಿದ ಇನ್ನೊಂದು ಈರುಳ್ಳಿ, ಕಾಲು ಇಂಚಿನ ಕ್ಯಾರೆಟ್ ಚೂರು ಹಾಕಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬಾಡಿಸಿ, ಕೆಂಪಾಗಬಾರದು. ಕೊಚ್ಚಿದ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ, ಮೈದಾವನ್ನು ಜರಡಿಯಲ್ಲಿ ಉದುರಿಸುತ್ತಾ ಮೂರು ನಿಮಿಷ ಕೈ ಬಿಡದೆ ಕೆದಕಿ. ಹಸಿ ಹಿಟ್ಟಿನ ವಾಸನೆ ಹೋಗಿ ಬಿಸ್ಕತ್ತಿನ ಘಮ ಬಂದಾಗ ಸಾಕು. ಕಂದು ಬಣ್ಣಕ್ಕೆ ಹೋದರೆ ಸೂಪಿನ ಬಣ್ಣ ಕೆಡುವುದಲ್ಲದೆ ಹಿಟ್ಟಿಗೆ ಗಟ್ಟಿ ಮಾಡುವ ಶಕ್ತಿಯೂ ಕುಗ್ಗುತ್ತದೆ.

ಸ್ಟಾಕ್ ಬೆಚ್ಚಗಿರಬೇಕು, ಕುದಿಯುತ್ತಿರಬಾರದು. ಕುದಿಯುವ ರಸ ಒಮ್ಮೆಲೇ ಬಿದ್ದರೆ ಹಿಟ್ಟಿನ ಹೊರಭಾಗ ತಕ್ಷಣ ಬೆಂದು ಅಂಟಾಗುತ್ತದೆ, ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ಗಂಟು ಅಂದರೆ ಅದೇ. ಮೊದಲ ಸೌಟು ಹಾಕಿದಾಗ ಎಲ್ಲ ಬಿಗಿದು ಚಪಾತಿ ಹಿಟ್ಟಿನಂತಾಗುತ್ತದೆ, ಗಾಬರಿಯಾಗಬೇಡಿ. ಚೆನ್ನಾಗಿ ಮಸೆದು ಎರಡನೆಯದು, ಮತ್ತೆ ಮಸೆದು ಮೂರನೆಯದು ಹಾಕಿ. ವಿಸ್ಕ್ ಇಲ್ಲದವರಿಗೆ ಮಜ್ಜಿಗೆ ಕಡೆಯುವ ಮರದ ಚಿಕ್ಕ ಕಡೆಗೋಲು ಸಾಕು. ಪಾತ್ರೆಯ ಮೂಲೆಗೂ ಹೋಗುತ್ತದೆ, ತರಕಾರಿಯನ್ನೂ ಪುಡಿ ಮಾಡುವುದಿಲ್ಲ. ನಾಲ್ಕು ಸೌಟು ಹೋದ ಮೇಲೆ ಉಳಿದದ್ದನ್ನು ಧಾರೆಯಾಗಿ ಸುರಿಯಬಹುದು. ಗಂಟು ಬಿದ್ದೇ ಬಿದ್ದರೆ ಸೋಸಿ, ತರಕಾರಿಯನ್ನು ತೊಳೆದು ವಾಪಸ್ ಹಾಕಿ. ಬಿಸಿ ಸೂಪನ್ನು ಮಿಕ್ಸಿ ಜಾರಿಗೆ ಹಾಕಿ ಮುಚ್ಚಳ ಬಿಗಿದರೆ ಆವಿ ಮುಚ್ಚಳವನ್ನು ಹಾರಿಸುತ್ತದೆ. ಕಾರ್ನ್‌ಫ್ಲೋರ್ ಸುಲಭ ಅನ್ನುವವರಿದ್ದಾರೆ. ಅದರ ಸೂಪ್ ಹೊಳೆಯುತ್ತದೆ, ಲೋಳೆಲೋಳೆ ಅನ್ನಿಸುತ್ತದೆ, ಮತ್ತೆ ಕಾಯಿಸಿದರೆ ನೀರಾಗುತ್ತದೆ. ನನಗೆ ಒಗ್ಗಿಲ್ಲ.

ಹೀಗೆ ಗಟ್ಟಿಯಾದ ಸ್ಟಾಕಿಗೆ ಅವರೆಬೇಳೆಯನ್ನು ಅದರ ರಸದೊಡನೆ ಹಾಕಿ ಹತ್ತು ನಿಮಿಷ ಸಣ್ಣಗೆ ಕುದಿಯಲಿ. ಹಾಲನ್ನು ಪಕ್ಕದ ಒಲೆಯಲ್ಲಿ ಬೇರೆಯಾಗಿ ಕಾಯಿಸಿ, ಉಕ್ಕಿ ಬಂದು ಒಡೆಯದೆ ನಿಂತರೆ ಮಾತ್ರ ಸೂಪಿಗೆ. ಬೆಳಗ್ಗೆ ತಂದು ಹೊರಗೇ ಉಳಿದ ಪ್ಯಾಕೆಟ್ ಹಾಲು ನೋಡಲು ಚೆನ್ನಾಗಿದ್ದರೂ ಕಾಯಿಸಿದಾಗ ಕೈಕೊಡುತ್ತದೆ. ಅದು ಗೊತ್ತಾಗಬೇಕಾದದ್ದು ಹಾಲಿನ ಪಾತ್ರೆಯಲ್ಲಿ, ಒಂದು ಕೆ.ಜಿ. ಕೋಳಿಯ ಸೂಪಿನಲ್ಲಲ್ಲ. ನಾನು ಬಳಸುವುದು ನಂದಿನಿ ಶುಭಂ, ಅದರಲ್ಲಿ ಕೊಬ್ಬು ಶೇ 4.5 ಇರುತ್ತದೆ. ಶೇ 3 ಇರುವ ಟೋನ್ಡ್ ಹಾಲಾದರೆ ಕ್ರೀಮನ್ನು 150 ಮಿಲಿಗೆ ಏರಿಸಿ. ಬಿಸಿ ಹಾಲು ಸೇರಿಸಿ ಐದು ನಿಮಿಷ ಸಣ್ಣ ಉರಿಯಲ್ಲಿಟ್ಟು, ಬಿಡಿಸಿದ ಮಾಂಸ ಹಾಕಿ ಎರಡು ನಿಮಿಷ ಬಿಸಿ ಮಾಡಿ ಒಲೆ ಆರಿಸಿ. ಕ್ರೀಮ್ ಹಾಕುವುದು ಆಮೇಲೆ, ಅದೂ ಒಂದು ಸೌಟು ಬಿಸಿ ಸೂಪಿನಲ್ಲಿ ಕಲಸಿಕೊಂಡು. ಡಬ್ಬಿಯ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಸಾಮಾನ್ಯವಾಗಿ ಶೇ 25, ಫ್ರಿಜ್ಜಿನಿಂದ ತೆಗೆದು ಕುದಿಯುವ ಸೂಪಿಗೆ ನೇರ ಸುರಿದರೆ ಅದು ಚೂರುಚೂರಾಗಿ ತೇಲಬಹುದು. ಕೊನೆಗೆ ಕುಟ್ಟಿದ ಮೆಣಸು ಒಂದು ಚಮಚ, ಜಾಯಿಕಾಯಿ ತುರಿಮಣೆಯ ಮೇಲೆ ನಾಲ್ಕೇ ಎಳೆತ. ಉಪ್ಪು ಪೂರ್ತಿ ಸರಿಮಾಡುವುದೂ ಈಗಲೇ, ಏಕೆಂದರೆ ರಸ ಬತ್ತಿರುತ್ತದೆ, ಅಂಗಡಿ ಬೆಣ್ಣೆಯಲ್ಲಿ ಉಪ್ಪು ಇರುತ್ತದೆ. ಅರಿಶಿನ, ಗರಂ ಮಸಾಲೆ ಇದಕ್ಕೆ ಬೇಡ.

ಪಾಸ್ತಾವನ್ನು ನಾನು ಸೂಪಿನಲ್ಲಿ ಬೇಯಿಸುವುದೇ ಇಲ್ಲ. ಗಟ್ಟಿ ದ್ರವದಲ್ಲಿ ಅದು ನಿಧಾನವಾಗಿ ಬೇಯುತ್ತದೆ, ಅಷ್ಟರಲ್ಲಿ ಹಾಲು ತಳ ಹಿಡಿಯುತ್ತದೆ. ಬೆಂದ ಮೇಲೂ ಹೀರುವುದು ನಿಲ್ಲುವುದಿಲ್ಲ. ಪ್ಯಾಕೆಟ್ ಮೇಲೆ ಡ್ಯೂರಮ್ ಗೋಧಿ ರವೆ ಎಂದು ಬರೆದಿರುವ ಚಿಕ್ಕ ಮ್ಯಾಕರೋನಿ ಅಥವಾ ಶಂಖದಾಕಾರದ ಪಾಸ್ತಾ ತನ್ನಿ, ಮೈದಾದ ಅಗ್ಗದ ಮ್ಯಾಕರೋನಿ ಬೇಗ ಕರಗುತ್ತದೆ. ಒಂದೂವರೆ ಲೀಟರ್ ನೀರಿಗೆ ಒಂದೂವರೆ ಚಮಚ ಉಪ್ಪು ಹಾಕಿ ಬೇಯಿಸಿ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಪ್ಯಾಕೆಟ್ಟಿನ ಸಮಯಕ್ಕಿಂತ ಒಂದು ನಿಮಿಷ ಹೆಚ್ಚೇ ಹಿಡಿಯಬಹುದು, ಗಡಿಯಾರಕ್ಕಿಂತ ಹಲ್ಲನ್ನು ನಂಬಿ. ನಡುವೆ ಬಿಳಿ ಚುಕ್ಕೆ ಇನ್ನೂ ಕಾಣುವಾಗಲೇ ಬಸಿದು, ಒಂದು ಚಮಚ ಎಣ್ಣೆ ಸವರಿಡಿ. ಬಡಿಸುವಾಗ ಬಟ್ಟಲಿಗೆ ಮೊದಲು ಪಾಸ್ತಾ, ಮೇಲೆ ಬಿಸಿ ಸೂಪ್, ಎರಡು ನಿಮಿಷ ಬಿಟ್ಟು ತಿಂದರೆ ಹದ ಸರಿಯಾಗಿರುತ್ತದೆ. ಅಯ್ಯಂಗಾರ್ ಬೇಕರಿಯ ಬ್ರೆಡ್ಡನ್ನು ಕಾವಲಿಯ ಮೇಲೆ ಬೆಣ್ಣೆಯಲ್ಲಿ ಗರಿಗರಿ ಮಾಡಿಕೊಟ್ಟರೆ ಊಟವೇ ಆಗುತ್ತದೆ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಪಾಸ್ತಾ ಬೇರೆ ಡಬ್ಬಿಯಲ್ಲಿ, ಸೂಪ್ ಬೇರೆ. ಎರಡು ದಿನ ಇಡಬಹುದು. ತಣ್ಣಗಾದ ಸೂಪ್ ಗಡುಸಾಗುತ್ತದೆ, ಅರ್ಧ ಕಪ್ ಬಿಸಿನೀರು ಸೇರಿಸಿ ಸಣ್ಣ ಉರಿಯಲ್ಲಿ ಕೆದಕುತ್ತಾ ಕಾಯಿಸಿದರೆ ಮೊದಲಿನ ಹದಕ್ಕೆ ಬರುತ್ತದೆ. ಫ್ರೀಜರಿನಲ್ಲಿಡಬೇಕಾದರೆ ಹಾಲು, ಕ್ರೀಮ್ ಹಾಕುವುದಕ್ಕೆ ಮುಂಚೆಯೇ ಸ್ಟಾಕ್ ಮತ್ತು ಮಾಂಸವನ್ನು ತೆಗೆದಿಡಿ. ಹಾಲು ಸೇರಿದ ಸೂಪ್ ಹೆಪ್ಪುಗಟ್ಟಿ ಕರಗಿದಾಗ ತರಿತರಿಯಾಗುತ್ತದೆ.